ಮುಂದಿನ ಇಪ್ಪತ್ತು ಸಾಲು

ಈ-ಮೇಲ್ ಐಡಿ ಇಲ್ಲದವರನ್ನು ಕಂಡರೆ ನನಗೆ ಮೊದಲಿಂದಲೂ ಕನಿಕರ. ಅಂಥವರಿಗೆಲ್ಲ ನನ್ನದನ್ನೇ ಕೊಟ್ಟುಬಿಡುತ್ತಿದ್ದೆ. ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟು ಹತ್ತೊಂಬತ್ತು ವರ್ಷವಾಯಿತು. ಪಾಂಡವಪುರದವರು ಬರಲಿ, ಕೆ.ಆರ್. ಪೇಟೆಯವರು ಬರಲಿ, ಅರ್ಜಿಯಲ್ಲಿ ಈ-ಮೇಲ್ ಎಂಬ ಖಾನೆ ಬಂದ ಕೂಡಲೇ ತಲೆ ಕೆರೆದುಕೊಳ್ಳುತ್ತಾರೆ. "ಇರ್ಲಿ ಬುಡಿ, ನಂದೇ ಹಾಕ್ತೀನಿ" ಎನ್ನುತ್ತೇನೆ. ಹೀಗಾಗಿ ನಾಲ್ಕು ತಾಲ್ಲೂಕಿನ ಜನರ ಪರೀಕ್ಷೆಯ ಫಲಿತಾಂಶ, ಪಾಸ್‌ಪೋರ್ಟಿನ ತಕರಾರು, ಹೆಣ್ಣು ಗಂಡಿನ ಜಾತಕ ಎಲ್ಲವೂ ನನ್ನೊಬ್ಬನ ಪೆಟ್ಟಿಗೆಗೆ ಬಂದು ಬೀಳುತ್ತವೆ. ನಾಗಮಂಗಲದಲ್ಲಿ ಕಂಚಿನ ವಿಗ್ರಹ ಎರಕ ಹೊಯ್ಯುವ ತಮ್ಮಯ್ಯ ಮದುವೆಯ ವೆಬ್‌ಸೈಟಿಗೆ ಮೂರು ಸಲ ವಯಸ್ಸು ಬರೆಸಿದ್ದಾನೆ. ಮೂರು ಸಲವೂ ಮೂವತ್ತನಾಲ್ಕೇ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಒಂಬತ್ತು ವರ್ಷ. ಇದು ಅವನಿಗೆ ಮರೆತಿರಬಹುದು, ನನ್ನ ಪೆಟ್ಟಿಗೆಗೆ ಮರೆತಿಲ್ಲ.

ನಾನು ಒಂದು ಮೇಲನ್ನೂ ಅಳಿಸಿದವನಲ್ಲ. ಅದು ನಮ್ಮ ಮನೆತನದ ಚಾಳಿ. ನಮ್ಮಪ್ಪ ಸೋಮಯ್ಯಾಚಾರ್ ಚಿನ್ನದ ಕೆಲಸದವರು. ಅಂಗಡಿ ಗುಡಿಸಿದ ಕಸವನ್ನು ಬೀದಿಗೆ ಹಾಕಿದವರಲ್ಲ, ತಗಡಿನ ಡಬ್ಬದಲ್ಲಿ ತುಂಬಿಡುತ್ತಿದ್ದರು. ವರ್ಷಕ್ಕೊಮ್ಮೆ ಕಸ ತೊಳೆಯುವವರು ಬಂದು, ಅದನ್ನು ಜಾಲಿಸಿ, ಧೂಳಿನಷ್ಟು ಚಿನ್ನ ತೆಗೆದುಕೊಡುತ್ತಿದ್ದರು. ಅಪ್ಪನ ಕೈಯಿಂದ ನನಗೆ ಬಂದದ್ದು ಆ ಡಬ್ಬದ ಬುದ್ಧಿಯೊಂದೇ. ಕೈಗೆಲಸ ಬರಲಿಲ್ಲ.

ಹೋದ ವರ್ಷ ಪೆಟ್ಟಿಗೆ ತುಂಬಿತು, ಇನ್ನು ಜಾಗವಿಲ್ಲ ಎಂದು ಕಂಪನಿಯವರು ದಿನವೂ ಕೆಂಪಕ್ಷರದಲ್ಲಿ ಬೆದರಿಸತೊಡಗಿದರು. ಎಲ್ಲವನ್ನೂ ನನ್ನ ಕಂಪ್ಯೂಟರಿಗೆ ಇಳಿಸಿಕೊಂಡೆ. ಒಂದೇ ಫೈಲು, ಹನ್ನೊಂದು ಜಿಬಿ. ಡಬಲ್ ಕ್ಲಿಕ್ ಮಾಡಿದರೆ ಪರದೆ ಬೆಳ್ಳಗಾಗಿ ಕಂಪ್ಯೂಟರು ಮೂರ್ಛೆ ಹೋಗುತ್ತಿತ್ತು. ಕೊನೆಗೆ ಯೂಟ್ಯೂಬಿನಲ್ಲಿ ಯಾರೋ ಪುಣ್ಯಾತ್ಮ ಹೇಳಿಕೊಟ್ಟ ದಾರಿ ಹಿಡಿದೆ. ಅದೊಂದು ಕಪ್ಪು ಕಿಟಕಿ. ಅಲ್ಲಿ ಚಿತ್ರವಿಲ್ಲ, ಮೌಸಿಗೆ ಕೆಲಸವಿಲ್ಲ. ಗ್ರೆಪ್ ಎಂದು ಒತ್ತಿ, ಹುಡುಕಬೇಕಾದ ಪದ ಒತ್ತಿ, ಫೈಲಿನ ಹೆಸರು ಒತ್ತಿ, ಎಂಟರ್ ಹೊಡೆಯಬೇಕು. ಆ ಪದವಿರುವ ಸಾಲುಗಳನ್ನು ಮಾತ್ರ ಹೆಕ್ಕಿ ಎದುರಿಗೆ ಸುರಿಯುತ್ತದೆ. ಸಿಕ್ಕಿದ ಸಾಲಿನ ಮುಂದಿನ ಇಪ್ಪತ್ತು ಸಾಲು ಬೇಕೆಂದರೆ ಅದನ್ನೂ ಹೇಳಬಹುದು. ಕಸ ಜಾಲಿಸುವ ಕೆಲಸವೇ, ನೀರಿಲ್ಲ ಅಷ್ಟೆ.

ಹೀಗಿರುವಾಗ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಅಮೀನಾಬೀ ಅಂಗಡಿಗೆ ನುಗ್ಗಿದರು. ಹಿಂದೆ ಅವರ ಮಗಳು ಮಹೇಕ್, ಅವಳ ಹಿಂದೆ ಅವಳಪ್ಪ ಪೀರ್ ಅಹಮದ್. ಅವನು ಕ್ಯಾತನಹಳ್ಳಿಯ ಆಲೆಮನೆಗಳಿಂದ ಬೆಲ್ಲ ಸಾಗಿಸುವ ಎರಡು ಗೂಡ್ಸ್ ಗಾಡಿಗಳ ಮಾಲೀಕ. ಒಂದನ್ನು ತಾನೇ ಓಡಿಸುತ್ತಾನೆ. ಇನ್ನೊಂದಕ್ಕೆ ಇದ್ದ ಡ್ರೈವರು ಕೆಲಸ ಬಿಟ್ಟಿದ್ದ. ಆ ಗಾಡಿಯೇ ಈಗ ನನ್ನ ಅಂಗಡಿಯ ಮುಂದೆ ನಿಂತಿತ್ತು. ಅದರ ಸುತ್ತ ಅಕ್ಕಿಹೆಬ್ಬಾಳಿನ ಕುಳ್ಳಯ್ಯ ಟೈರು ಒದ್ದು ನೋಡುತ್ತಾ ಸುತ್ತುತ್ತಿದ್ದ. ಬೆಳಗಿನ ರೈಲಿಗೆ ಗಾಡಿ ಕೊಳ್ಳಲೆಂದೇ ಬಂದವನು, ಪೂಜೆಗೆ ಬೇಕಾದ ತೆಂಗಿನಕಾಯಿ, ಚಕ್ರಕ್ಕೊಂದರಂತೆ ನಾಲ್ಕು ನಿಂಬೆಹಣ್ಣು ಎಲ್ಲವನ್ನೂ ಮನೆಯಿಂದಲೇ ತಂದಿದ್ದ.

"ಸುರೇಂದ್ರಣ್ಣ, ಹುಡ್ಕು" ಎಂದರು ಅಮೀನಾಬೀ, ಕುರ್ಚಿ ಎಳೆದು ಕೂರುತ್ತಾ. "ಇವ್ರು ದಮ್ಮಾಮಿಂದ ಬರ್ದಿದ್ರಲ್ಲ, ಮಹೇಕು ಹೊಟ್ಟೇಲಿದ್ದಾಗ. ಹೆಣ್ಣಾದ್ರೆ ಗಂಡುಮಕ್ಳಿಗಿಂತ ಮೊದ್ಲು ಅವ್ಳ್ಗೇ ಸ್ಟೇರಿಂಗ್ ಕೊಡ್ತೀನಿ, ನನ್ ಗಾಡಿ ನನ್ ಮಗ್ಳೇ ಓಡ್ಸೋದು ಅಂತ. ನೀನೇ ಓದಿದ್ದೆ, ಇದೇ ಕುರ್ಚಿ ಮೇಲೆ ಕೂತು ನಾನು ಕೇಳ್ದೆ."

"ನಾನು ಅಂಗೆಲ್ಲ ಬರ್ದೇ ಇಲ್ಲ" ಎಂದ ಪೀರ್ ಅಹಮದ್. "ಹೆಣ್ಣುಡುಗಿ ಬೆಲ್ಲದ ಲೋಡು ಹೊಡ್ಕೊಂಡು ಪಾಂಡವಪುರದ ಮ್ಯಾಲೆ ಹೋಗೋದಾ? ಬೀದೀಲಿ ನಾಕ್ ಜನ ಏನಂತಾರೆ?"

"ನಾಕ್ ಜನ ಸೈಡ್ ಬುಡ್ತಾರೆ ಅಬ್ಬಾ" ಎಂದಳು ಮಹೇಕ್.

ಹದಿನೆಂಟು ತುಂಬಿದ ಮರುವಾರವೇ ಆಕೆ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸು, ತೆಗೆದುಕೊಂಡಿದ್ದಳು. ಅರ್ಜಿ ಹಾಕಿಕೊಟ್ಟವನು ನಾನೇ, ಈ-ಮೇಲ್ ಕೂಡ ನನ್ನದೇ. ಸೋದರಮಾವ ಯಾಸಿನ್ ಪಕ್ಕದಲ್ಲಿ ಕೂತು, ಕಬ್ಬು ಕಡಿದ ಗದ್ದೆಯಲ್ಲಿ ಗೇರು ಹಾಕುವುದನ್ನು ಕಲಿಸಿದ್ದ. ಆ ಗಾಡಿ ಮಾರಿಹೋದರೆ ಅವಳ ಆಸೆಯೂ ಅದರ ಜೊತೆಗೇ ರೈಲ್ವೆ ಗೇಟು ದಾಟಿ ಅಕ್ಕಿಹೆಬ್ಬಾಳಿಗೆ ಹೋಗುತ್ತದೆ. ಇನ್ನೊಂದು ಗಾಡಿ ಅಪ್ಪನದು, ಅದರ ಸೀಟನ್ನು ಅವನು ಸಾಯುವವರೆಗೆ ಬಿಡುವವನಲ್ಲ.

ಪೀರ್ ಅಹಮದ್ ಜೇಬಿನಿಂದ ಕೀ ತೆಗೆದು ನನ್ನ ಮೇಜಿನ ಮೇಲೆ ಟಪ್ಪೆಂದು ಇಟ್ಟ. "ಲೇ ಸುರೇಂದ್ರ, ನಾನು ಬರ್ದಿರೋದು ತೋರ್ಸುಬುಡ್ಲಾ. ತೋರ್ಸಿದ್ರೆ ಕೀ ಅವ್ಳ್ದು, ಈಗಿಂದೀಗ್ಲೇ. ಇಲ್ದಿದ್ರೆ ಕುಳ್ಳಯ್ಯಂದು. ಅಲ್ಲಾನಾಣೆ ಎರಡ್ ಮಾತಿಲ್ಲ."

ಆಗ ನಾನು ಎದೆಯುಬ್ಬಿಸಿ ಕಪ್ಪು ಕಿಟಕಿ ತೆರೆದೆ. ಅಷ್ಟು ಹೊತ್ತಿನವರೆಗೂ ನನಗೆ ಯಾವ ಅಳುಕೂ ಇರಲಿಲ್ಲ. ಆ ಮಾತು ನನಗೂ ಚೆನ್ನಾಗಿ ನೆನಪಿತ್ತು.

ಆಗಿನ ಕಾಲ ಹೇಳಬೇಕು. ಮದುವೆಯಾದ ವರ್ಷದಲ್ಲೇ ಪೀರ್ ಅಹಮದ್ ಲಾರಿ ಓಡಿಸಲು ಸೌದಿಯ ದಮ್ಮಾಮಿಗೆ ಹೋದ. ಹದಿನೈದು ದಿನಕ್ಕೊಮ್ಮೆ ಮನೆಗೆ ಫೋನು. ಫೋನಿನ ಸುತ್ತ ಅಮೀನಾಬೀಯ ಅತ್ತೆ, ಮಾವ, ಮೈದುನಂದಿರು ಎಲ್ಲರೂ ನಿಂತಿರುತ್ತಿದ್ದರು. ಗಂಡ ಹೆಂಡತಿಯ ಗುಟ್ಟಿನ ಮಾತಿಗೆ ಇದ್ದದ್ದು ಮೇಲ್ ಒಂದೇ, ಅಂದರೆ ನಾನು ಒಬ್ಬನೇ. ಉರ್ದುವಿನಲ್ಲಿ ಬರೆದರೆ ನಾನು ತಪ್ಪಾಗಿ ಓದಿಬಿಡುತ್ತೇನೆಂದು ಪಾಪ, ಅವನು ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಬೆರಳಿನಿಂದ ಒತ್ತಿ ಕಳಿಸುತ್ತಿದ್ದ. ಅಮೀನಾಬೀಗೆ ಇಂಗ್ಲಿಷ್ ಅಕ್ಷರ ಬಾರದು. ಶುಕ್ರವಾರ ಬಂದು ಕೂರುತ್ತಿದ್ದರು, ನಾನು ಪರದೆ ನೋಡಿ ಓದುತ್ತಿದ್ದೆ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಪೀರ್ ಅಹಮದ್ ಬರವಣಿಗೆ ಒಣ ಒಣ. "ಲೋಡು ಲೇಟಾಯ್ತು. ಊಟ ಸರಿ ಇಲ್ಲ. ಅಮ್ಮನ ಮಾತ್ರೆ ತಂದುಕೊಡು." ಇಷ್ಟೇ. ಬಾಗಿಲ ಕಡೆ ನೋಡುತ್ತಾ, ಸೆರಗಿನ ತುದಿ ಸುತ್ತುತ್ತಾ ಕೂತ ಹೊಸ ಹೆಂಡತಿಗೆ ಇದನ್ನು ಹಾಗೆಯೇ ಓದಿ ಕಳಿಸಲು ಯಾವ ಗಂಡಸಿಗೆ ಮನಸ್ಸು ಬರುತ್ತದೆ? ಅಪ್ಪ ಹೇಳುತ್ತಿದ್ದರು, ಅಪ್ಪಟ ಚಿನ್ನ ಬಳೆಯಾಗಿ ನಿಲ್ಲುವುದಿಲ್ಲ, ಕೈಯಲ್ಲೇ ಬಾಗಿಹೋಗುತ್ತದೆ, ಚೂರು ತಾಮ್ರ ಬೆರೆಸಲೇಬೇಕು ಎಂದು. ನಾನೂ ಬೆರೆಸುತ್ತಿದ್ದೆ. "ನಿನ್ ಕೈ ಬಿರ್ಯಾನಿ ನೆನಪಾಯ್ತದೆ" ಎಂದು ಒಂದು, "ಇಲ್ಲಿ ಚಂದ್ರನ್ನ ನೋಡಿದ್ರೆ ನಿನ್ ಮುಖ" ಎಂದು ಇನ್ನೊಂದು. ಹೋಗುವಾಗ ಅಮೀನಾಬೀ ಹೆಜ್ಜೆ ಹಗುರಾಗಿರುತ್ತಿತ್ತು. ತಿಂಗಳು ಕಳೆದಂತೆ ತಾಮ್ರದ ಪಾಲು ಹೆಚ್ಚಾದದ್ದು ನಿಜ.

ಆದರೆ ಸ್ಟೇರಿಂಗಿನ ಮಾತು ಅವನದೇ, ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಲಾರಿ ಡ್ರೈವರನಿಗಲ್ಲದೆ ಇನ್ಯಾರಿಗೆ ಹೊಳೆಯುತ್ತದೆ ಅಂಥ ಮಾತು?

ಮೊದಲು ಇಂಗ್ಲಿಷ್ ಅಕ್ಷರದಲ್ಲಿ ‘ಸ್ಟೇರಿಂಗ್’ ಎಂದು ಹುಡುಕಿದೆ, ಅವನ ಸ್ಪೆಲ್ಲಿಂಗು ಏನಿತ್ತೋ, ಅವನದು ಒಂದೂ ಸಿಗಲಿಲ್ಲ. ಆಮೇಲೆ ‘ಡ್ರೈವರ್’ ಎಂದು ಹುಡುಕಿದೆ. ಆರು ಸಾವಿರ ಚಿಲ್ಲರೆ ಸಾಲು ಸುರಿಯಿತು. ಕಪ್ಪು ಕಿಟಕಿಯಲ್ಲಿ ಅಕ್ಷರಗಳು ಓಡುತ್ತಲೇ ಇದ್ದವು. ಕುಳ್ಳಯ್ಯ ಬಾಗಿಲಲ್ಲಿ ಇಣುಕಿ, "ಏನ್ ಸ್ವಾಮಿ, ಕೆಟ್ಟೋಯ್ತಾ?" ಎಂದ. ಆಮೇಲೆ ‘ಮಗಳು’ ಎಂದು ಹುಡುಕಿದೆ. ನಾಲ್ಕು ತಾಲ್ಲೂಕಿನ ಹೆಣ್ಣುಮಕ್ಕಳ ಜಾತಕ ಸಾಲುಗಟ್ಟಿ ಬಂದಿತು.

"ಇದು ನಾಗಲಕ್ಷ್ಮಮ್ಮೋರ ಮಗ್ಳು ಹೆಸ್ರಲ್ವಾ?" ಎಂದಳು ಮಹೇಕ್, ಪರದೆಗೆ ಮೂಗು ತಾಗಿಸಿ. "ಅಯ್ಯೋ, ಮೊದ್ಲು ಬೇರೆ ಗಂಡು ನಿಶ್ಚಯ ಆಗಿತ್ತಾ?"

ಪರದೆಗೆ ಎರಡೂ ಕೈ ಅಡ್ಡ ಹಿಡಿದೆ. "ಕಣ್ಮುಚ್ಕೊ ಮಗಾ. ಇದು ದೇವಸ್ಥಾನದ ಗರ್ಭಗುಡಿ ಇದ್ದಂಗೆ, ಅರ್ಚಕ ಮಾತ್ರ ನೋಡ್ಬೇಕು."

"ಅರ್ಚಕ ಬೇಗ ಪೂಜೆ ಮುಗಿಸ್ಲಿ" ಎಂದ ಪೀರ್ ಅಹಮದ್. "ಕುಳ್ಳಯ್ಯ ಕಾಯ್ತಾವ್ನೆ."

ಆಗ ಹೊಳೆಯಿತು. ಅವನ ಮೇಲುಗಳೆಲ್ಲ ಶುರುವಾಗುತ್ತಿದ್ದದ್ದು ‘ಅಮೀನಾಗೆ ಸಲಾಂ’ ಎಂದೇ. ಅದನ್ನೇ ಕೊಟ್ಟು, ಮೇಲಿನ ತಾರೀಖಿಗಾಗಿ ಹಿಂದಿನ ಒಂದಷ್ಟು ಸಾಲು, ಓದಲು ಮುಂದಿನ ಇಪ್ಪತ್ತು ಸಾಲು ಎಂದು ಹೇಳಿ ಎಂಟರ್ ಹೊಡೆದೆ. ಸರಿಯಾಗಿ ನೂರ ನಲವತ್ತಮೂರು ಸಿಕ್ಕವು. ಅಮೀನಾಬೀ ಆ ಸಂಖ್ಯೆ ಕೇಳಿ ಗಂಡನ ಕಡೆ ನೋಡಿದರು. ಅಷ್ಟು ಬರೆದಿದ್ದನೆಂದು ಅವನಿಗೇ ಗೊತ್ತಿರಲಿಲ್ಲ.

ಮಹೇಕ್ ಹುಟ್ಟಿದ್ದು ಎರಡು ಸಾವಿರದ ಏಳರ ಆಗಸ್ಟ್. ಅಮೀನಾಬೀಗೆ ಏಳು ತಿಂಗಳಾಗಿದ್ದಾಗಿನ ಮೇಲು ಎಂದರೆ ಜೂನ್. ಒಂದೊಂದೇ ಸರಿಸುತ್ತಾ ಬಂದೆ. ಜೂನ್ ಹತ್ತೊಂಬತ್ತು. ಅದನ್ನು ಓದಿದ ಶುಕ್ರವಾರ ಕಣ್ಣಿಗೆ ಕಟ್ಟಿದಂತೆ ಬಂತು. ಊದಿದ ಪಾದ, ಬೆವೆತ ಮುಖ, ಇದೇ ಕುರ್ಚಿ. ಆದರೆ ಪರದೆಯ ಮೇಲಿದ್ದ ಸಾಲುಗಳಲ್ಲಿ ಸ್ಟೇರಿಂಗು ಇರಲಿಲ್ಲ, ಮಗಳೂ ಇರಲಿಲ್ಲ.

ಆ ಮಾತು ನನ್ನದು. ತಾಮ್ರ.

ಹದಿನೆಂಟು ವರ್ಷದ ಹಿಂದೆ ಮಾಡಿದಂತೆಯೇ ಈಗಲೂ ಪರದೆ ನೋಡಿಕೊಂಡು ಮಧುರವಾಗಿ ಸುಳ್ಳು ಓದಿಬಿಡಲೇ ಎಂದು ಒಂದು ಕ್ಷಣ ಬಾಯಿ ತೆರೆದೆ. ಕೀ ಅಲ್ಲೇ ಇತ್ತು, ಒಂದೇ ಮಾತಿನ ದೂರ. ಆದರೆ ನನ್ನ ಕಿವಿಯ ಪಕ್ಕದಲ್ಲಿ ಮಹೇಕ್ ಉಸಿರಾಡುತ್ತಿದ್ದಳು. ಅವಳ ಅಮ್ಮನಿಗೆ ಬಾರದ ಅಕ್ಷರ ಅವಳಿಗೆ ಬರುತ್ತಿತ್ತು. ನಾನು ತಡೆಯುವಷ್ಟರಲ್ಲಿ ಅವಳೇ ಗಟ್ಟಿಯಾಗಿ ಓದತೊಡಗಿದಳು.

"ಅಮೀನಾಗೆ ಸಲಾಂ. ಇಲ್ಲಿ ಬಿಸ್ಲು ತಡೆಯಕ್ಕಾಗಲ್ಲ. ಲಾರಿ ಏಸಿ ಕೆಟ್ಟು ಎರಡ್ ವಾರ ಆಯ್ತು. ಮಗು ಹುಟ್ಟೋವಾಗ ರಜ ಕೊಡಲ್ಲ ಅಂದ್ರು. ಇಲ್ಲಿ ಯಾರೂ ನನ್ ಹೆಸ್ರು ಕರೆಯಲ್ಲ, ಡ್ರೈವರ್ ಅಂತಾರೆ. ನಿನ್ನೆ ದಾರೀಲಿ ಲಾರಿ ನಿಲ್ಸಿ ಅತ್ತೆ. ಸಣ್ ಮಕ್ಳಂಗೆ ಅತ್ತೆ. ಊರಿಗೆ ಬಂದ್ಬುಡನ ಅನ್ನುಸ್ತದೆ."

ಅಲ್ಲಿಗೆ ಸಾಲು ಮುಗಿದಿತ್ತು. ಎರಡೆರಡು ಪದಕ್ಕೆ ಎಂಟರ್ ಹೊಡೆಯುವ ಅಭ್ಯಾಸ ಅವನಿಗೆ. ಅದರ ಕೆಳಗೆ ಖಾಲಿ.

ಪೀರ್ ಅಹಮದ್ ಗೆದ್ದಿದ್ದ. ಆದರೆ ಗೆದ್ದವನಂತೆ ಇರಲಿಲ್ಲ, ಕತ್ತು ಬಗ್ಗಿಸಿ ಜೆರಾಕ್ಸ್ ಮಿಷಿನ್ನಿನ ಪ್ಲಗ್ಗನ್ನು ನೋಡುತ್ತಿದ್ದ.

"ಸುರೇಂದ್ರಣ್ಣ" ಎಂದರು ಅಮೀನಾಬೀ ಮೆಲ್ಲಗೆ. "ಇದ್ಯಾವತ್ತೂ ನೀನು ಓದ್ಲಿಲ್ಲ ನಂಗೆ."

ಒಪ್ಪಿಕೊಂಡೆ. ಮತ್ತೇನು ಮಾಡಲಿ? "ಹೂಂ ಅಕ್ಕ. ಓದಕ್ಕೆ ಆಗ್ಲಿಲ್ಲ. ನಿಮ್ಗೆ ಏಳು ತಿಂಗ್ಳು. ಸ್ಟೇರಿಂಗ್ ಮಾತು ನಾನೇ ಕಟ್ಟಿದ್ದು. ಅದೊಂದೇ ಅಲ್ಲ, ಬಿರ್ಯಾನೀನೂ ನಂದೇ."

"ಚಂದ್ರ?"

"ಚಂದ್ರಾನೂ."

ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಅದು ಧಾರಾಳವಾಗಿಯೇ ಬಂತು. "ನಿನ್ ಮನೆ ಹಾಳಾಗ! ಹದಿನೆಂಟು ವರ್ಷ ಆ ಚಂದ್ರನ ಮಾತು ನೆನುಸ್ಕೊಂಡು ಈ ಮನುಷ್ಯನ ಗೊರಕೆ ಸಹಿಸ್ಕೊಂಡಿದ್ದೀನಲ್ಲೋ! ಪ್ರತಿ ಈದ್‌ಗೂ ಬಿರ್ಯಾನಿ ಮಾಡಿ, ದಮ್ಮಾಮಲ್ಲಿ ನೆನಪಾಯ್ತಿತ್ತಲ್ಲ ತಿನ್ನಿ ಅಂತಿದ್ದೆ. ಇವ್ರು ಒಂದ್ಸಲಾನೂ ಬಾಯ್ಬುಡ್ಲಿಲ್ಲ!"

"ಏನೋ ಪ್ರೀತಿಗೆ ಅಂತೀಯ ಅನ್ಕೊಂಡಿದ್ದೆ" ಎಂದ ಪೀರ್ ಅಹಮದ್, ಪ್ಲಗ್ಗಿಗೆ.

ಮಹೇಕ್ ಮಾತ್ರ ಕೀಯನ್ನು ನೋಡುತ್ತಿದ್ದಳು. ಈ ಹುಡುಗಿ ಹುಟ್ಟಿದಾಗಿನಿಂದ ನನ್ನ ಸುಳ್ಳನ್ನು ಕೇಳಿ ಬೆಳೆದಿದ್ದಾಳೆ. ಗದ್ದೆಯಲ್ಲಿ ಗೇರು ಕಲಿತದ್ದು ಅದನ್ನು ನಂಬಿಯೇ. ನಮ್ಮಪ್ಪನ ಒಡವೆಯಲ್ಲಿ ತಾಮ್ರ ಹೆಚ್ಚಾಯಿತೆಂದು ಯಾರೂ ಎಂದೂ ವಾಪಸು ತಂದಿರಲಿಲ್ಲ. ನನ್ನದು ಹದಿನೆಂಟು ವರ್ಷದ ಮೇಲೆ ಮುರಿದು ವಾಪಸು ಬಂದಿತ್ತು.

ಕುಳ್ಳಯ್ಯ ಹೊರಗೆ ಹಾರ್ನ್ ಹೊಡೆದು ನೋಡಿದ. ಅದು ಚೆನ್ನಾಗಿಯೇ ಕೂಗಿತು. ಪೀರ್ ಅಹಮದ್ ಕೀ ತೆಗೆದುಕೊಳ್ಳಲು ಕೈ ಚಾಚಿದ.

"ತಡೀರಿ" ಎಂದರು ಅಮೀನಾಬೀ. "ಕೀ ಆಮ್ಯಾಲೆ. ಸುರೇಂದ್ರಣ್ಣ, ಇನ್ನೂ ಕೆಳಗೆ ಏನಾರ ಐತಾ? ಪೂರ್ತಿ ಓದು. ಇವ್ರು ಅತ್ತಿದ್ದು ನಂಗೆ ಇವತ್ತು ಗೊತ್ತಾಯ್ತಿದೆ. ಒಂದಕ್ಷರ ಬುಡ್ಬೇಡ, ಒಂದಕ್ಷರ ಸೇರಿಸ್ಬೇಡ."

"ಮುಗೀತು ಅಕ್ಕ, ಕೆಳಗೆ ಖಾಲಿ" ಎಂದೆ.

"ಅಂಕಲ್, ನೀವು ಇಪ್ಪತ್ತು ಸಾಲು ಅಂತ ಕೇಳಿದ್ದು" ಎಂದಳು ಮಹೇಕ್. "ಖಾಲಿ ಸಾಲೂ ಲೆಕ್ಕಕ್ಕೆ ಬತ್ತದಲ್ವಾ?"

ಬರುತ್ತದೆ. ಇಪ್ಪತ್ತನ್ನು ಅರವತ್ತು ಮಾಡಿ ಮತ್ತೆ ಎಂಟರ್ ಹೊಡೆದೆ. ಹನ್ನೊಂದು ಜಿಬಿಯನ್ನು ಮೊದಲಿನಿಂದ ಜಾಲಿಸಲು ಅದಕ್ಕೆ ಎರಡು ನಿಮಿಷ ಬೇಕು. ಆ ಎರಡು ನಿಮಿಷ ನಾಲ್ಕು ಜನ ಒಂದು ಕಪ್ಪು ಕಿಟಕಿಯನ್ನು ನೋಡುತ್ತಿದ್ದೆವು. ಖಾಲಿ ಸಾಲುಗಳು ಬಂದವು, ಒಂಬತ್ತೋ ಹತ್ತೋ. ಅವುಗಳ ಕೆಳಗೆ ಮತ್ತೆ ಅಕ್ಷರ ಶುರುವಾಗಿತ್ತು. ಮಹೇಕ್ ಓದಿದಳು.

"ಸುರೇಂದ್ರ. ಇದು ನಿಂಗೆ. ಮ್ಯಾಲೆ ಬರ್ದಿದ್ದು ಅವ್ಳ್ಗೆ ಓದ್ಬೇಡ ಕಣ್ಲಾ. ಬಸ್ರಿ ಹೆಂಗ್ಸು, ಅಳ್ತಾಳೆ. ನೀನು ಏನೇನೋ ಸೇರ್ಸಿ ಓದ್ತೀಯ ಅಂತ ನಂಗೊತ್ತು. ಮೊನ್ನೆ ಫೋನಲ್ಲಿ ಚಂದ್ರ ಅಂತ ಏನೋ ಅಂದ್ಲು, ನಾನು ಚಂದ್ರನ ವಿಚಾರ ಬರ್ದೇ ಇರ್ಲಿಲ್ಲ. ಬೇಜಾರಿಲ್ಲ. ನಂಗೆ ಅಂಗೆಲ್ಲ ಹೇಳಕ್ಕೆ ಬರಲ್ಲ. ಈ ಸಲ ಏನಾರ ದೊಡ್ದಾಗಿ ಹೇಳು. ಮಗೀಗೆ ಒಳ್ಳೇದಾಗೋ ಅಂಥದ್ದು. ನೀನೇನ್ ಹೇಳಿದ್ರೂ ಅದು ನನ್ ಮಾತೇಯ. ನಾನು ಬಂದ್ಮ್ಯಾಲೆ ನಡಸ್ಕೊಡ್ತೀನಿ. ಪೀರ್."

ನನಗೆ ನೆನಪೇ ಇರಲಿಲ್ಲ, ಒಂದು ಚೂರೂ ಇರಲಿಲ್ಲ. ನನ್ನ ಜಾಣತನವನ್ನಷ್ಟೇ ಜೋಪಾನ ಮಾಡಿ ಇಟ್ಟುಕೊಂಡಿದ್ದೆ, ಅದನ್ನು ಯಾರು ಕೇಳಿ ಮಾಡಿಸಿಕೊಂಡರೆಂಬುದನ್ನು ಕಸದ ಜೊತೆ ಗುಡಿಸಿಹಾಕಿದ್ದೆ. ಆದರೆ ಡಬ್ಬ ಬಿಸಾಡಿರಲಿಲ್ಲ. ಅಪ್ಪಾ, ಎಂದುಕೊಂಡೆ.

ಪೀರ್ ಅಹಮದ್ ಚಾಚಿದ ಕೈಯನ್ನು ಹಾಗೆಯೇ ಹಿಡಿದು ನಿಂತಿದ್ದ. ಅವನಿಗೂ ಮರೆತಿತ್ತೆಂದು ಕಾಣುತ್ತದೆ, ಪರದೆಯ ಸಾಲುಗಳನ್ನು ಇನ್ನೊಮ್ಮೆ ತಾನೇ ಓದಿಕೊಂಡ. ಆಮೇಲೆ ಕೀ ಎತ್ತಿ, ಮಗಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾನೇ ಮಡಚಿದ.

"ಮಾತು ನಂದೇಯ" ಎಂದ. ನನ್ನ ಕಡೆ ತಿರುಗಿದ. "ಆದ್ರೆ ಲೇ, ದೊಡ್ದಾಗಿ ಹೇಳು ಅಂದ್ರೆ ಇಷ್ಟ್ ದೊಡ್ದಾ? ಒಂದ್ ಜೊತೆ ಓಲೆ ಕೊಡುಸ್ತೀನಿ ಅನ್ನಕ್ಕೆ ಏನಾಗಿತ್ತು? ನೀನು ಅಕ್ಕಸಾಲಿ ತಾನೆ!"

"ಓಲೆ ಹೇಳಿದ್ರೆ ನಮ್ಮಪ್ಪನ ಅಂಗ್ಡಿಗೆ ಗಿರಾಕಿ ಹುಡುಕ್ದ ಅಂತಿದ್ದೆ ನೀನು" ಎಂದೆ.

ಅವನು ನಗಲಿಲ್ಲ, ಆದರೆ ಮೀಸೆ ಅಲುಗಿತು. ಮಗಳ ಹಿಂದೆ ಹೊರಗೆ ನಡೆದ. ಎಲ್‌ಎಲ್ ಇರುವವಳ ಪಕ್ಕದಲ್ಲಿ ಲೈಸೆನ್ಸು ಇರುವವರು ಕೂರಬೇಕಲ್ಲ, ಪಕ್ಕದ ಸೀಟಿಗೆ ಅವನೇ ಹತ್ತಿದ. ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದ ಮನುಷ್ಯ ಕೈ ಎಲ್ಲಿಡಬೇಕೆಂದು ತಿಳಿಯದೆ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಕುಳ್ಳಯ್ಯ ಕೂಗಾಡಿದ. ಕೂಗಾಡಲು ಅವನಿಗೆ ಎಲ್ಲ ಹಕ್ಕೂ ಇತ್ತು. "ಬೆಳಿಗ್ಗೆಯಿಂದ ಟೀ ಕುಡುದು ಕುಡುದು ಒಟ್ಟೆ ಉಬ್ಬರ್ಸ್ಕೊಂಡದೆ. ನನ್ ನಿಂಬೆಣ್ಣು ಏನ್ ಮಾಡ್ಲಿ ಈಗ?" ಆಮೇಲೆ ಡ್ರೈವರ್ ಸೀಟಿನಲ್ಲಿ ಕೂತ ಹುಡುಗಿಯನ್ನೂ, ಅವಳ ಪಕ್ಕದಲ್ಲಿ ಬಿಳಿಚಿಕೊಂಡು ಕೂತ ಅಪ್ಪನನ್ನೂ ನೋಡಿದ. ಏನನ್ನಿಸಿತೋ, ಗೊಣಗುತ್ತಲೇ ಬಗ್ಗಿ ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟ. ತೆಂಗಿನಕಾಯಿಯನ್ನು ಮಾತ್ರ ಚಟ್ನಿಗಾಗುತ್ತದೆಂದು ಚೀಲಕ್ಕೆ ಹಾಕಿಕೊಂಡ. ಗಾಡಿ ಮೂರು ಸಲ ಗಕ್ಕೆಂದು ಆಫಾಯಿತು, ನಾಲ್ಕನೆಯ ಸಲ ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿಕೊಂಡು ಹೊರಟಿತು. ಬೀದಿಯಲ್ಲಿದ್ದ ನಾಲ್ಕು ಜನ ಸೈಡು ಬಿಟ್ಟರು.

ನಾನು ಒಳಗೆ ಬಂದು ಕಪ್ಪು ಕಿಟಕಿ ಮುಚ್ಚಲು ಹೋದೆ. ಅಮೀನಾಬೀ ಕುರ್ಚಿಯಿಂದ ಎದ್ದಿರಲಿಲ್ಲ.

"ಮುಚ್ಬೇಡ" ಎಂದರು. "ನೂರ ನಲವತ್ತಮೂರು ಅಂದ್ಯಲ್ಲ. ಮೊದಲ್ನೇದ್ರಿಂದ ಓದು. ಅವ್ರು ಬರ್ದಿದ್ದು ಬರ್ದಂಗೆ."

"ಎಲ್ಲಾನೂವಾ ಅಕ್ಕ? ಅಂಗ್ಡಿ ಗಿರಾಕಿಗಳು..."

"ಗಿರಾಕಿಗಳ್ಗೆ ಕಾಯಕ್ಕೆ ಹೇಳು. ನಾನು ಹದ್ನೆಂಟು ವರ್ಷ ಕಾದಿದ್ದೀನಿ."

ಮೊದಲನೆಯದನ್ನು ತೆಗೆದೆ. ಓದಿದೆ. "ಅಮೀನಾಗೆ ಸಲಾಂ. ತಲುಪಿದೆ. ರೂಮಲ್ಲಿ ಆರ್ ಜನ. ಬಿಸಿನೀರು ಇಲ್ಲ. ನಿನ್ ಟ್ರಂಕಿನ ಬೀಗದ್ಕೈ ನನ್ ಜೇಬಲ್ಲೇ ಬಂದ್ಬುಟ್ಟದೆ." ಅಷ್ಟೇ ಇತ್ತು. ನಾಚಿಕೆಯಾಗಿ ಹೇಳಿದೆ, ನಾನು ಅವತ್ತು ಇದಕ್ಕೆ ಏನು ಸೇರಿಸಿ ಓದಿದ್ದೆನೋ ನೆನಪಿಲ್ಲ, ಅದು ಈ ಫೈಲಿನಲ್ಲೂ ಇಲ್ಲ, ಎಷ್ಟು ಹುಡುಕಿದರೂ ಸಿಗುವುದಿಲ್ಲ ಎಂದು.

"ಅದು ಅಲ್ಲಿ ಯಾಕ್ ಸಿಕ್ತದೆ?" ಎಂದರು ಅಮೀನಾಬೀ. ಕಣ್ಣು ಮುಚ್ಚಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಾಯಿಪಾಠ ಒಪ್ಪಿಸುವ ಹುಡುಗಿಯಂತೆ ಹೇಳಿದರು: "ಬೀಗದ್ಕೈ ಬೇಕಂತಲೇ ತಂದೆ ಅಮೀನಾ. ನಾನು ಬರೋಗಂಟ ಆ ಟ್ರಂಕು ಯಾರೂ ತೆಗೀಬಾರ್ದು, ನಾನೇ ಬಂದು ತೆಗೀಬೇಕು."

ನಂತರ ಕಣ್ಣು ಬಿಟ್ಟು, "ಎರಡ್ನೇದು ಓದು" ಎಂದರು.